ಎಸೆಯಲಾಗದ ಕಲ್ಲುಗಳು

ಯೆರೂಸಲೇಮಿನ ದೇವಾಲಯಕ್ಕೆ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಒದಗಿದ ಕೇಡಿನ ಬೇರು ಒಂದು ಸಾಲದಲ್ಲಿತ್ತು. ಆ ಸಾಲ ಯೆಹೂದ್ಯರು ಮಾಡಿದ್ದಲ್ಲ. ಸಿರಿಯಾದಿಂದ ಪರ್ಷಿಯಾದವರೆಗೆ ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಕಿಡ್ ದೊರೆ ಮೂರನೆಯ ಆಂಟಿಯೋಕಸ್ ಮ್ಯಾಗ್ನೀಸಿಯದ ಕಾಳಗದಲ್ಲಿ ರೋಮನರಿಗೆ ಸೋತ. ಕ್ರಿ.ಪೂ. 188ರ ಅಪಾಮಿಯಾ ಒಪ್ಪಂದದಂತೆ ಅವನ ಮೇಲೆ ಬಿದ್ದ ದಂಡ 15,000 ತಲಾಂತು ಬೆಳ್ಳಿ. ಒಂದು ತಲಾಂತು ಎಂದರೆ ಸುಮಾರು 26 ಕಿಲೋ. ಮುಂಗಡ ಕಳೆದು ಉಳಿದ 12,000 ತಲಾಂತನ್ನು ವರ್ಷಕ್ಕೆ ಸಾವಿರದಂತೆ ಹನ್ನೆರಡು ವರ್ಷದಲ್ಲಿ ತೀರಿಸಬೇಕಿತ್ತು. ಅಷ್ಟು ಬೆಳ್ಳಿ ಒಂದೇ ಕಡೆ ಕೂಡಿಬಿದ್ದಿರುತ್ತಿದ್ದುದು ದೇವಸ್ಥಾನಗಳ ಭಂಡಾರದಲ್ಲಿ. ಮರುವರ್ಷವೇ ಆ ದೊರೆ, ಈಗಿನ ನೈಋತ್ಯ ಇರಾನಿನಲ್ಲಿದ್ದ ಎಲಿಮಾಯಿಸ್ ಸೀಮೆಯ ಬೇಲ್ ದೇವರ ಗುಡಿಯನ್ನು ದೋಚಲು ಹೋಗಿ ಅಲ್ಲಿನ ಜನರ ಕೈಯಲ್ಲಿ ಸತ್ತ.

ಇದೇ ದೊರೆ ಯೆಹೂದ ಸೀಮೆಯ ಮಟ್ಟಿಗೆ ಒಳ್ಳೆಯವನೇ ಆಗಿದ್ದ. ಕ್ರಿ.ಪೂ. 200ರ ಹೊತ್ತಿಗೆ ಆ ಸೀಮೆಯನ್ನು ಈಜಿಪ್ಟಿನ ಟಾಲೆಮಿ ಅರಸರಿಂದ ಗೆದ್ದುಕೊಂಡಾಗ ಅವನು ಹೊರಡಿಸಿದ ಆಜ್ಞೆಯನ್ನು ಇತಿಹಾಸಕಾರ ಜೋಸೀಫಸ್ ಉಳಿಸಿಕೊಟ್ಟಿದ್ದಾನೆ. ಪರದೇಶದವರು ದೇವಾಲಯದ ಆವರಣದೊಳಕ್ಕೆ ಕಾಲಿಡಕೂಡದು. ಕುದುರೆ, ಹೇಸರಗತ್ತೆ, ನರಿ, ಮೊಲ ಮುಂತಾದ ಪ್ರಾಣಿಗಳ ಮಾಂಸವನ್ನು ಪಟ್ಟಣಕ್ಕೆ ತರಕೂಡದು, ಅವುಗಳ ಚರ್ಮವನ್ನೂ ತರಕೂಡದು. ತಪ್ಪಿದವನು ಯಾಜಕರಿಗೆ 3,000 ದ್ರಾಕ್ಮ ದಂಡ ತೆರಬೇಕು. ಯೆಹೂದ್ಯರ ಮಡಿಮೈಲಿಗೆಯ ಕಟ್ಟಳೆಗೆ ಪರಧರ್ಮದ ಅರಸನೊಬ್ಬ ಹೀಗೆ ರಾಜಮುದ್ರೆ ಒತ್ತಿದ್ದ.

ಆ ಕಟ್ಟಳೆ ಬಹಳ ಹಳೆಯದು. ಪೂರ್ವಿಕರು ಅರಣ್ಯದಲ್ಲಿ ದೇವದರ್ಶನದ ಗುಡಾರ ಎತ್ತಿ ಸಾಗಬೇಕಾದಾಗ ಏನು ಮಾಡಬೇಕೆಂದು ಬೈಬಲಿನ ಅರಣ್ಯಕಾಂಡ ವಿಧಿಸುತ್ತದೆ. ಮೊದಲು ಆರೋನನ ವಂಶದ ಯಾಜಕರು ಒಳಗೆ ಹೋಗಿ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷ, ಮೇಜು, ದೀಪಸ್ತಂಭ, ಧೂಪವೇದಿ ಎಲ್ಲವನ್ನೂ ಬಟ್ಟೆಯಿಂದ ಮುಚ್ಚಬೇಕು. ಮುಚ್ಚಿದ ಮೇಲಷ್ಟೇ ಗುಡಾರದ ಸೇವೆಯ ಲೇವಿಯರು ಬಂದು ಹೊರಬೇಕು. ಹೊರುವವರೂ ಮುಟ್ಟುವಂತಿಲ್ಲ. ಎತ್ತುಗಳು ಮುಗ್ಗರಿಸಿದಾಗ ಬೀಳಲಿದ್ದ ಮಂಜೂಷವನ್ನು ಕೈಚಾಚಿ ಹಿಡಿದ ಉಜ್ಜ ಅಲ್ಲೇ ಸತ್ತನೆಂಬ ಕಥೆ ಸಮುವೇಲನ ಗ್ರಂಥದಲ್ಲಿದೆ. ಅಪ್ಪಣೆಯಿಲ್ಲದ ಬೆಂಕಿಯಲ್ಲಿ ಧೂಪ ಹಾಕಿದ ಆರೋನನ ಇಬ್ಬರು ಮಕ್ಕಳು ಸುಟ್ಟುಹೋದರೆಂದು ಯಾಜಕಕಾಂಡ ಹೇಳುತ್ತದೆ. ಎರಡು ಕಥೆಯಲ್ಲೂ ಸತ್ತವರು ಹಗೆಗಳಲ್ಲ, ಸೇವೆಗೆ ನಿಂತವರೇ. ಪವಿತ್ರ ವಸ್ತುವಿಗೆ ಅತಿ ಸಮೀಪ ಇರುವವರ ಕೈಯೇ ಅತಿ ಎಚ್ಚರದಲ್ಲಿರಬೇಕು ಎಂಬುದು ಅವುಗಳ ತಿರುಳು.

ನಮ್ಮ ಕಥೆ ನಡೆಯುವ ಕಾಲಕ್ಕೆ ಮಂಜೂಷ ಉಳಿದಿರಲಿಲ್ಲ. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಮೊದಲ ದೇವಾಲಯವನ್ನು ಸುಟ್ಟರು. ಬಾಬಿಲೋನಿನ ಸೆರೆಯಿಂದ ಮರಳಿದವರು ಕ್ರಿ.ಪೂ. 515ರ ಸುಮಾರಿಗೆ ಕಟ್ಟಿ ಮುಗಿಸಿದ ಎರಡನೆಯ ದೇವಾಲಯದ ಮಹಾಪರಿಶುದ್ಧ ಸ್ಥಳ ಬರಿದಾಗಿತ್ತು. ಬರಿದಾದ ಆ ಕೋಣೆಗೇ ವರ್ಷಕ್ಕೆ ಒಂದು ದಿನ ಮಾತ್ರ, ಮಹಾಯಾಜಕನೊಬ್ಬನಿಗೆ ಮಾತ್ರ ಪ್ರವೇಶ. ಪರದೆಯ ಈಚೆಗೆ ಚಿನ್ನದ ದೀಪಸ್ತಂಭ, ಹನ್ನೆರಡು ರೊಟ್ಟಿಗಳ ಮೇಜು, ಧೂಪವೇದಿ. ಹೊರ ಅಂಗಳದಲ್ಲಿ ತೆರೆದ ಬಾನಿನಡಿ ಕಲ್ಲಿನ ಯಜ್ಞವೇದಿ. ಅದರ ಮೇಲೆ ಬೆಳಗ್ಗೆ ಒಂದು, ಸಂಜೆ ಒಂದು ಕುರಿಮರಿ. ಇದು ದಿನವೂ ತಪ್ಪದೆ ನಡೆಯಬೇಕಾದ ನಿತ್ಯಹೋಮ.

ಮುಂದಿನದನ್ನು ನಾವು ತಿಳಿಯುವುದು ಬಹುಮಟ್ಟಿಗೆ, ಮುಂದೆ ದಂಗೆ ಎದ್ದ ಮಕ್ಕಬಿಯರ ಹೆಸರಿನ ಎರಡು ಗ್ರಂಥಗಳಿಂದ. ಮೊದಲನೆಯದು ಹೀಬ್ರೂವಿನಲ್ಲಿ ಹುಟ್ಟಿ ಗ್ರೀಕಿನಲ್ಲಿ ಉಳಿದದ್ದು. ಎರಡನೆಯದು ಸಿರೇನಿನ ಯಾಸೋನನೆಂಬವನು ಐದು ಸಂಪುಟಗಳಲ್ಲಿ ಬರೆದದ್ದರ ಸಂಗ್ರಹ. ಕಥೋಲಿಕರ ಬೈಬಲಿನಲ್ಲಿ ಇವೆರಡೂ ಸೇರಿವೆ. ಪ್ರೊಟೆಸ್ಟೆಂಟರ ಬೈಬಲಿನಲ್ಲೂ ಯೆಹೂದ್ಯರ ಧರ್ಮಗ್ರಂಥದಲ್ಲೂ ಇವುಗಳಿಗೆ ಜಾಗವಿಲ್ಲ.

ಮೂರನೆಯ ಆಂಟಿಯೋಕಸನ ಮಗ ನಾಲ್ಕನೆಯ ಸೆಲ್ಯೂಕಸನ ಕಾಲದಲ್ಲಿ ದೇವಾಲಯದ ಒಳಗಿನವನೊಬ್ಬನಿಂದಲೇ ಮೊದಲ ಬಿರುಕು ಬಿಟ್ಟಿತು. ಆಡಳಿತ ನೋಡಿಕೊಳ್ಳುತ್ತಿದ್ದ ಸೀಮೋನನೆಂಬವನಿಗೂ ಮಹಾಯಾಜಕ ಓನಿಯಾಸನಿಗೂ ಪಟ್ಟಣದ ಸಂತೆಯ ಮೇಲ್ವಿಚಾರಣೆಯ ವಿಷಯಕ್ಕೆ ಜಗಳವಾಯಿತು. ಭಂಡಾರದಲ್ಲಿ ಲೆಕ್ಕವಿಲ್ಲದಷ್ಟು ಹಣವಿದೆ ಎಂದು ಸೀಮೋನ ರಾಜನ ಅಧಿಕಾರಿಗಳಿಗೆ ಚಾಡಿ ಹೇಳಿದ. ರಾಜ ತನ್ನ ಮಂತ್ರಿ ಹೆಲಿಯೊಡೋರಸನನ್ನು ಕಳಿಸಿದ. ಅಲ್ಲಿರುವ ಹಣದಲ್ಲಿ ವಿಧವೆಯರೂ ತಬ್ಬಲಿಗಳೂ ನಂಬಿ ಇಟ್ಟ ಠೇವಣಿ ಸೇರಿದೆ, ಒಟ್ಟು 400 ತಲಾಂತು ಬೆಳ್ಳಿ, 200 ತಲಾಂತು ಚಿನ್ನ ಎಂದು ಓನಿಯಾಸ ವಿವರಿಸಿದ. ಹೆಲಿಯೊಡೋರಸ್ ಕೇಳಲಿಲ್ಲ. ಒಳಗೆ ನುಗ್ಗಿದವನನ್ನು ದಿವ್ಯ ಕುದುರೆಯೊಂದು ಕಾಲಿನಿಂದ ಒದೆಯಿತು, ಇಬ್ಬರು ತೇಜಸ್ವಿ ಯುವಕರು ಹೊಡೆದು ಕೆಡವಿದರು ಎನ್ನುತ್ತದೆ ಎರಡನೆಯ ಗ್ರಂಥ. ಪವಾಡವನ್ನು ಬದಿಗಿಟ್ಟರೂ ಹೆಲಿಯೊಡೋರಸ್ ಕಲ್ಪನೆಯ ಮನುಷ್ಯನಲ್ಲ. ಮಾರೇಷಾದ ಬಳಿ ಸಿಕ್ಕ ಗ್ರೀಕ್ ಶಾಸನವೊಂದರಲ್ಲಿ ಕ್ರಿ.ಪೂ. 178ರ ರಾಜಾಜ್ಞೆ ಇದೆ. 2007ರಲ್ಲಿ ಪ್ರಕಟವಾದ ಈ ಶಾಸನದಲ್ಲಿ ಸೆಲ್ಯೂಕಸ್, ಆ ಪ್ರಾಂತದ ದೇವಸ್ಥಾನಗಳ ಮೇಲೆ ಒಲಿಂಪಿಯೊಡೋರಸ್ ಎಂಬ ಅಧಿಕಾರಿಯನ್ನು ನೇಮಿಸಿರುವುದನ್ನು ಇದೇ ಹೆಲಿಯೊಡೋರಸನಿಗೆ ತಿಳಿಸುತ್ತಾನೆ. ಗುಡಿಗಳ ಲೆಕ್ಕಪತ್ರಕ್ಕೆ ಅರಮನೆ ಕೈಹಾಕಿದ್ದು ಹೀಗೆ ಕಲ್ಲಿನಲ್ಲೇ ದಾಖಲಾಗಿದೆ.

ಕ್ರಿ.ಪೂ. 175ರಲ್ಲಿ ಸೆಲ್ಯೂಕಸನ ಕೊಲೆಯಾಯಿತು. ರೋಮಿನಲ್ಲಿ ಒತ್ತೆಯಾಳಾಗಿ ಬೆಳೆದಿದ್ದ ಅವನ ತಮ್ಮ, ನಾಲ್ಕನೆಯ ಆಂಟಿಯೋಕಸ್ ಎಪಿಫನೀಸ್, ಪಟ್ಟಕ್ಕೆ ಬಂದ. ಆಗ ಓನಿಯಾಸನ ಒಡಹುಟ್ಟಿದ ತಮ್ಮನೇ ಹೊಸ ರಾಜನ ಬಳಿ ಹೋಗಿ ಮಹಾಯಾಜಕನ ಪದವಿಗೆ ಬೆಲೆ ಕಟ್ಟಿದ. ಯೇಶೂವ ಎಂಬ ತನ್ನ ಹೆಸರನ್ನು ಯಾಸೋನ ಎಂದು ಗ್ರೀಕರಂತೆ ಬದಲಿಸಿಕೊಂಡಿದ್ದ ಇವನು ಕೊಡಲೊಪ್ಪಿದ್ದು 440 ತಲಾಂತು. ಯೆರೂಸಲೇಮಿನಲ್ಲಿ ಗ್ರೀಕ್ ಮಾದರಿಯ ವ್ಯಾಯಾಮಶಾಲೆ ಕಟ್ಟಲು ಅಪ್ಪಣೆ ಸಿಕ್ಕರೆ ಇನ್ನೂ 150. ಅದುವರೆಗೆ ಆ ಪದವಿ ವಂಶದಿಂದ ಬರುತ್ತಿತ್ತು, ಸಾಯುವವರೆಗೆ ಇರುತ್ತಿತ್ತು. ವ್ಯಾಯಾಮಶಾಲೆ ಎದ್ದಿತು. ಚಕ್ರ ಎಸೆತದ ಕರೆ ಕೇಳಿದ್ದೇ ಯಾಜಕರು ಯಜ್ಞವೇದಿಯ ಕೆಲಸ ಬಿಟ್ಟು ಓಡುತ್ತಿದ್ದರೆಂದು ಎರಡನೆಯ ಗ್ರಂಥ ಕೊರಗುತ್ತದೆ.

ಮಾರಾಟಕ್ಕೆ ಬಂದ ಪದವಿ ಒಬ್ಬನ ಕೈಯಲ್ಲಿ ನಿಲ್ಲಲಿಲ್ಲ. ಮೂರು ವರ್ಷಕ್ಕೆ ಯಾಸೋನ ಕಪ್ಪ ಒಪ್ಪಿಸಿ ಬಾ ಎಂದು ಮೆನೆಲಾಸನನ್ನು ಅರಮನೆಗೆ ಕಳಿಸಿದ. ಮೆನೆಲಾಸ 300 ತಲಾಂತು ಹೆಚ್ಚಿಗೆ ಕೂಗಿ ಪದವಿಯನ್ನು ತನಗೇ ಬರೆಸಿಕೊಂಡು ಬಂದ. ಇವನು ಚಾಡಿ ಹೇಳಿದ್ದ ಸೀಮೋನನ ತಮ್ಮ. ಕೂಗಿದ ಹಣ ಕಟ್ಟಲು ಅವನಿಗೆ ಆಗಲಿಲ್ಲ. ಆಗ ದೇವಾಲಯದ ಚಿನ್ನದ ಪಾತ್ರೆಗಳು ಹೊರಬಿದ್ದವು. ಕೆಲವು ಲಂಚವಾಗಿ ರಾಜನ ಅಧಿಕಾರಿ ಆಂಡ್ರೊನಿಕಸನಿಗೆ, ಮಿಕ್ಕವು ತೂರ್ ಪಟ್ಟಣಕ್ಕೂ ಸುತ್ತಲಿನ ಊರುಗಳಿಗೂ ಮಾರಾಟಕ್ಕೆ. ಪದವಿ ಕಳೆದುಕೊಂಡು ಅಂತಿಯೋಕ್ಯದ ಬಳಿಯ ದಾಫ್ನೆಯಲ್ಲಿ ಆಶ್ರಯ ಪಡೆದಿದ್ದ ಓನಿಯಾಸ ಇದನ್ನು ಬಯಲು ಮಾಡಿದ. ಆಂಡ್ರೊನಿಕಸ್ ಅವನನ್ನು ನಂಬಿಸಿ ಹೊರಗೆ ಕರೆದು ಕೊಂದ. ಇತ್ತ ಯೆರೂಸಲೇಮಿನ ಜನ ರೊಚ್ಚಿಗೆದ್ದು, ಪಾತ್ರೆಗಳ ಕಳವಿನಲ್ಲಿ ಶಾಮೀಲಾಗಿದ್ದ ಮೆನೆಲಾಸನ ತಮ್ಮ ಲಿಸಿಮಾಕಸನನ್ನು ಭಂಡಾರದ ಬಳಿಯೇ ಹೊಡೆದು ಸಾಯಿಸಿದರು. ಹೆಲಿಯೊಡೋರಸ್ ಬಂದುಹೋದ ಮೇಲೆ, ಇದೆಲ್ಲ ನಡೆಯುವಾಗ ಪರದೇಶದ ಒಬ್ಬ ಸಿಪಾಯಿಯೂ ದೇವಾಲಯದ ಹೊಸ್ತಿಲು ದಾಟಿರಲಿಲ್ಲ.

ದಾಟುವ ದಿನ ಬೇಗ ಬಂತು. ಈಜಿಪ್ಟಿನ ಮೇಲೆ ದಂಡೆತ್ತಿಹೋಗಿದ್ದ ಆಂಟಿಯೋಕಸ್ ಕ್ರಿ.ಪೂ. 169ರಲ್ಲಿ ಮರಳುವ ದಾರಿಯಲ್ಲಿ ಯೆರೂಸಲೇಮಿಗೆ ಬಂದು ದೇವಾಲಯದ ಒಳಗೆ ಹೋದ. ಚಿನ್ನದ ಧೂಪವೇದಿ, ದೀಪಸ್ತಂಭ, ರೊಟ್ಟಿಯ ಮೇಜು, ಪರದೆ, ಬಟ್ಟಲುಗಳು ಎಲ್ಲವನ್ನೂ ಹೊತ್ತುಕೊಂಡು ಹೋದ. ಗೋಡೆಯ ಚಿನ್ನದ ತಗಡನ್ನೂ ಕಿತ್ತ. ಎರಡನೆಯ ಗ್ರಂಥದ ಲೆಕ್ಕದಲ್ಲಿ ಕೊಳ್ಳೆ 1,800 ತಲಾಂತು. ಅವನಿಗೆ ಒಳದಾರಿ ತೋರಿಸಿದವನು ಮಹಾಯಾಜಕ ಮೆನೆಲಾಸ.

ಮರುವರ್ಷ ಈಜಿಪ್ಟಿನಲ್ಲಿ ರೋಮಿನ ದೂತ ಪೊಪಿಲಿಯಸ್ ಲೇನಸ್ ಬೆತ್ತದಿಂದ ರಾಜನ ಸುತ್ತ ನೆಲದ ಮೇಲೆ ಗೆರೆ ಎಳೆದು, ಸೈನ್ಯ ಹಿಂತೆಗೆಯುವ ಮಾತು ಕೊಡದೆ ಇದನ್ನು ದಾಟಬೇಡ ಎಂದ. ಆಂಟಿಯೋಕಸ್ ತಲೆತಗ್ಗಿಸಿ ಹಿಂದಿರುಗಿದ. ಅದೇ ಹೊತ್ತಿಗೆ ಯೆರೂಸಲೇಮಿನಲ್ಲಿ ಗಲಭೆ ಎದ್ದಿತ್ತು. ರಾಜ ಸತ್ತನೆಂಬ ಸುಳ್ಳು ಸುದ್ದಿ ಕೇಳಿ ಯಾಸೋನ ಸಾವಿರ ಜನರೊಂದಿಗೆ ಪಟ್ಟಣದ ಮೇಲೆ ಬಿದ್ದಿದ್ದ. ರಾಜನ ಕಣ್ಣಿಗೆ ಇದು ದಂಗೆ. ಅವನ ಸೇನೆ ಪಟ್ಟಣವನ್ನು ಕೊಳ್ಳೆಹೊಡೆದು, ದೇವಾಲಯದ ಮಗ್ಗುಲಲ್ಲೇ ಅಕ್ರಾ ಎಂಬ ಕೋಟೆ ಕಟ್ಟಿ ಪಹರೆ ಇಟ್ಟಿತು. ಕ್ರಿ.ಪೂ. 167ರಲ್ಲಿ ರಾಜಾಜ್ಞೆ ಹೊರಟಿತು. ನಿತ್ಯಹೋಮ ನಿಲ್ಲಬೇಕು. ಸಬ್ಬತ್ತಿನ ವಿಶ್ರಾಂತಿ, ಸುನ್ನತಿ ಕೂಡದು. ಧರ್ಮಶಾಸ್ತ್ರದ ಸುರುಳಿ ಸಿಕ್ಕರೆ ಹರಿದು ಸುಡಬೇಕು. ದೇವಾಲಯ ಇನ್ನು ಮುಂದೆ ಒಲಿಂಪಸಿನ ಸ್ಯೂಸ್ ದೇವರದು. ಯೆಹೂದ್ಯ ಪಂಚಾಂಗದ ಕಿಸ್ಲೇವ್ ತಿಂಗಳ 15ರಂದು ಯಜ್ಞವೇದಿಯ ಮೇಲೆಯೇ ಇನ್ನೊಂದು ವೇದಿ ಎದ್ದಿತು. 25ರಂದು ಅದರ ಮೇಲೆ ಬಲಿ ನಡೆಯಿತು.

ಒಂದು ಧರ್ಮದ ಆಚರಣೆಯನ್ನೇ ನಿಷೇಧಿಸುವುದು ಆ ಕಾಲದ ಗ್ರೀಕ್ ಅರಸರ ಪದ್ಧತಿಯಲ್ಲ. ಹೀಗೇಕಾಯಿತೆಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಎಲಿಯಾಸ್ ಬಿಕರ್‌ಮನ್ 1937ರಲ್ಲಿ, ಇದರ ಹಿಂದೆ ಇದ್ದದ್ದು ಮೆನೆಲಾಸನಂಥ ಸುಧಾರಣಾವಾದಿ ಯೆಹೂದ್ಯರೇ ಎಂದರು. ವಿಕ್ಟರ್ ಚೆರಿಕೋವರ್, ದಂಗೆ ಮೊದಲು, ಆಜ್ಞೆ ಅದಕ್ಕೆ ಕೊಟ್ಟ ಶಿಕ್ಷೆ ಎಂದು ತಿರುಗಿಸಿದರು. ಸಿಲ್ವಿ ಹೋನಿಗ್‌ಮನ್ 2014ರಲ್ಲಿ, ಮೂಲ ಕಾರಣ ತೆರಿಗೆಯ ಭಾರ, ಧರ್ಮದ್ವೇಷದ ಚಿತ್ರ ಬಹುಪಾಲು ಗ್ರಂಥಕರ್ತರ ಕೈವಾಡ ಎಂದು ವಾದಿಸಿದರು. ಯಾವುದನ್ನೊಪ್ಪಿದರೂ ಹಣ, ಪದವಿ, ಪೂಜೆ ಈ ಮೂರನ್ನು ಬಿಡಿಸಿ ನೋಡಲು ಬರುವುದಿಲ್ಲ.

ಪ್ರತಿಭಟನೆ ಎದ್ದದ್ದು ಮೊದೇಯಿನ್ ಎಂಬ ಹಳ್ಳಿಯಲ್ಲಿ. ರಾಜನ ದೇವರಿಗೆ ಬಲಿ ಕೊಡಿಸಲು ಬಂದ ಅಧಿಕಾರಿಯನ್ನೂ, ಬಲಿ ಕೊಡಲು ಮುಂದಾದ ಯೆಹೂದ್ಯನನ್ನೂ ಮತ್ತತೀಯ ಎಂಬ ಮುದಿ ಯಾಜಕ ವೇದಿಯ ಬಳಿ ಕೊಂದು, ಐವರು ಮಕ್ಕಳೊಂದಿಗೆ ಬೆಟ್ಟ ಸೇರಿದ. ಅಷ್ಟರಲ್ಲೇ ಒಂದು ಸುದ್ದಿ ಬಂತು. ಅಡವಿಯ ಗವಿಗಳಲ್ಲಿ ಅಡಗಿದ್ದವರ ಮೇಲೆ ರಾಜನ ಸೈನಿಕರು ಸಬ್ಬತ್ತಿನ ದಿನವೇ ನೋಡಿ ಎರಗಿದ್ದರು. ವಿಶ್ರಾಂತಿಯ ದಿನ ಕೆಡಿಸಬಾರದೆಂದು ಒಳಗಿದ್ದವರು ಒಂದು ಕಲ್ಲನ್ನೂ ಎಸೆಯಲಿಲ್ಲ, ಗವಿಯ ಬಾಯಿಯನ್ನೂ ಮುಚ್ಚಲಿಲ್ಲ. ಹೆಂಗಸರು, ಮಕ್ಕಳು ಸೇರಿ ಸಾವಿರ ಜನ ಸತ್ತರು. ಮತ್ತತೀಯನೂ ಸಂಗಡಿಗರೂ ಅತ್ತರು, ಮತ್ತೆ ಕೂತು ಆಲೋಚಿಸಿದರು. ಹೀಗೇ ಆದರೆ ಸಬ್ಬತ್ತು ಪಾಲಿಸಲು ಯಾರೂ ಉಳಿಯುವುದಿಲ್ಲ. ಮೇಲೆ ಬಿದ್ದರೆ ಆ ದಿನವೂ ಕಾದಾಡೋಣ ಎಂದು ತೀರ್ಮಾನಿಸಿದರು. ತಾವಾಗಿ ಆ ದಿನ ದಾಳಿಗೆ ಹೋಗುವ ಮಾತಿಲ್ಲ, ಎದುರಿಸುವುದಕ್ಕಷ್ಟೇ ಸಮ್ಮತಿ. ಕಟ್ಟಳೆಯನ್ನು ಕಿತ್ತೆಸೆಯದೆ, ಅದು ನಿಂತಿರುವುದು ಯಾರಿಗಾಗಿ ಎಂದು ಕೇಳಿಕೊಂಡ ತೀರ್ಮಾನ ಇದು.

ಮತ್ತತೀಯ ಮಾರನೆಯ ವರ್ಷ ತೀರಿಕೊಂಡ. ಮೂರನೆಯ ಮಗ ಯೂದ, ಮಕ್ಕಬಿ ಎಂದು ಹೆಸರಾದವನು, ದಂಡಿನ ನಾಯಕನಾದ. ಬೇತ್‌ಹೋರೋನಿನ ಇಳಿಜಾರು, ಎಮ್ಮಾವು, ಬೇತ್ಸೂರ್ ಹೀಗೆ ಒಂದೊಂದು ಕಡೆಯೂ ತನಗಿಂತ ದೊಡ್ಡ ಸೇನೆಯನ್ನು ಹಿಮ್ಮೆಟ್ಟಿಸಿದ. ಆಂಟಿಯೋಕಸ್ ಹಣಕ್ಕಾಗಿ ಪೂರ್ವಕ್ಕೆ ಹೋಗಿದ್ದ. ತಂದೆಯಂತೆ ಅವನೂ ಎಲಿಮಾಯಿಸ್ ಸೀಮೆಯ ಗುಡಿಯೊಂದಕ್ಕೆ ಕೈಹಾಕಿ, ಆಗದೆ, ಕ್ರಿ.ಪೂ. 164ರ ಕೊನೆಗೆ ಕಾಯಿಲೆಬಿದ್ದು ಸತ್ತ.

ಅದೇ ಚಳಿಗಾಲ ಯೂದನ ಜನ ದೇವಾಲಯದ ಗುಡ್ಡ ಹತ್ತಿದರು. ಬಾಗಿಲುಗಳು ಸುಟ್ಟಿದ್ದವು. ಯಾಜಕರ ಕೊಠಡಿಗಳು ಕುಸಿದಿದ್ದವು. ಅಂಗಳದಲ್ಲಿ ಕಾಡಿನಂತೆ ಗಿಡಗಂಟಿ ಬೆಳೆದಿತ್ತು. ಪಕ್ಕದ ಅಕ್ರಾ ಕೋಟೆಯಲ್ಲಿ ಶತ್ರುಗಳು ಇನ್ನೂ ಇದ್ದುದರಿಂದ ಯೂದ ಒಂದಿಷ್ಟು ಜನರನ್ನು ಅವರ ಮೇಲೆ ಕಾದಾಟಕ್ಕೆ ಬಿಟ್ಟು, ಕಳಂಕವಿಲ್ಲದ ಯಾಜಕರನ್ನು ಆರಿಸಿ ಶುದ್ಧೀಕರಣಕ್ಕೆ ಹಚ್ಚಿದ.

ಇಲ್ಲಿ ಮೊದಲ ಗ್ರಂಥ ಕಲ್ಲುಗಳ ವಿಷಯಕ್ಕೆ ಬರುತ್ತದೆ. ಪರದೇವರ ವೇದಿಯ ಕಲ್ಲುಗಳನ್ನು ಏನು ಮಾಡಬೇಕೆಂಬ ಅನುಮಾನ ಯಾರಿಗೂ ಇರಲಿಲ್ಲ. ಅವನ್ನು ಹೊತ್ತು ಮೈಲಿಗೆಯ ಜಾಗಕ್ಕೆ ಸುರಿದರು. ತೊಡಕು ಬಂದದ್ದು ಅದರ ಕೆಳಗಿದ್ದ ತಮ್ಮದೇ ಯಜ್ಞವೇದಿಯ ವಿಷಯದಲ್ಲಿ. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಹೋಮ ಕಂಡ ಕಲ್ಲುಗಳವು. ಈಗ ಅವುಗಳ ಮೇಲೆ ಪರದೇವರ ಬಲಿ ನಡೆದಿದೆ. ಇಟ್ಟುಕೊಂಡು ಬಳಸಿದರೆ ಅಪಚಾರ. ಕಸದಂತೆ ಎಸೆದರೆ ಅದಕ್ಕಿಂತ ದೊಡ್ಡ ಅಪಚಾರ. ಧರ್ಮಶಾಸ್ತ್ರದಲ್ಲಿ ಇದಕ್ಕೆ ನೇರ ಉತ್ತರವಿರಲಿಲ್ಲ. ಕೇಳೋಣವೆಂದರೆ ಪ್ರವಾದಿಯೂ ಇರಲಿಲ್ಲ. ಅವರು ವೇದಿಯನ್ನು ಬಿಚ್ಚಿ, ಕಲ್ಲುಗಳನ್ನು ದೇವಾಲಯದ ಗುಡ್ಡದಲ್ಲೇ ಸೂಕ್ತವಾದೊಂದು ಜಾಗದಲ್ಲಿ ಇಟ್ಟರು. ಮುಂದೆ ಪ್ರವಾದಿಯೊಬ್ಬ ಬಂದು ಏನು ಮಾಡಬೇಕೆಂದು ಹೇಳುವವರೆಗೆ ಅವು ಅಲ್ಲಿರಲಿ ಎಂದರು. ಗೆದ್ದು ಬಂದ ಸೈನ್ಯ, ಕೈಯಲ್ಲಿ ಅಧಿಕಾರ, ಮೈಯಲ್ಲಿ ಸಿಟ್ಟು. ಅಂಥ ಹೊತ್ತಿನಲ್ಲಿ ‘ಇದು ನಮ್ಮ ತೀರ್ಮಾನಕ್ಕೆ ಮೀರಿದ್ದು’ ಎಂದು ಕೈಕಟ್ಟಿ ನಿಂತದ್ದು ಈ ಇಡೀ ಕಥನದಲ್ಲಿ ಅಪರೂಪದ ಘಳಿಗೆ.

ಆಮೇಲೆ ಉಳಿಯ ಏಟು ಬೀಳದ ಹೊಸ ಕಲ್ಲುಗಳನ್ನು ತಂದು ವೇದಿ ಕಟ್ಟಿದರು. ಉಳಿ ಸೋಕಿದರೆ ಯಜ್ಞವೇದಿ ಅಪವಿತ್ರ ಎಂಬುದು ವಿಮೋಚನಕಾಂಡದ ಕಟ್ಟಳೆ. ಹೊಸ ಪಾತ್ರೆ, ಹೊಸ ಮೇಜು, ಹೊಸ ಪರದೆಗಳು ಬಂದವು. ದೀಪಸ್ತಂಭದ ಬಗ್ಗೆ ಯೆಹೂದ್ಯ ಧರ್ಮಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಒಂದು ಮಾತು ಹೇಳುತ್ತದೆ: ಮೊದಲಿಗೆ ಕಬ್ಬಿಣದ ಸಲಾಕಿಗಳನ್ನು ಜೋಡಿಸಿ ತವರ ಹೊದಿಸಿದ್ದರು, ಕೈಯಲ್ಲಿ ಕಾಸಾಡಿದ ಮೇಲೆ ಬೆಳ್ಳಿಯದು, ಇನ್ನಷ್ಟು ಸ್ಥಿತಿವಂತರಾದ ಮೇಲೆ ಚಿನ್ನದ್ದು. ಮೆನೆಲಾಸನ ಕೈಯಲ್ಲಿ ಚಿನ್ನದ ಪಾತ್ರೆಗಳು ಬರೀ ಸರಕಾಗಿದ್ದವು. ಇವರ ಕೈಯಲ್ಲಿ ಸಲಾಕಿಯೂ ದೀಪಸ್ತಂಭವಾಯಿತು. ಕ್ರಿ.ಪೂ. 164ರ ಕಿಸ್ಲೇವ್ 25ರ ಮುಂಜಾನೆ, ಮೂರು ವರ್ಷದ ಹಿಂದೆ ಪರಬಲಿ ನಡೆದ ಅದೇ ತಿಥಿಯಂದು, ನಿತ್ಯಹೋಮ ಮತ್ತೆ ಶುರುವಾಯಿತು. ಎಂಟು ದಿನ ಹಬ್ಬ ಮಾಡಿದರು. ಹನುಕ್ಕಾ ಹುಟ್ಟಿದ್ದು ಹೀಗೆ. ಒಂದು ದಿನದ ಎಣ್ಣೆ ಎಂಟು ದಿನ ಉರಿದ ಕಥೆ ಬಹುಕಾಲದ ನಂತರ ತಾಲ್ಮುದಿನಲ್ಲಿ ಸೇರಿದ್ದು; ಮಕ್ಕಬಿಯರ ಗ್ರಂಥಗಳಲ್ಲಿ ಅದಿಲ್ಲ. ಈ ಹಬ್ಬದ ಚಳಿಗಾಲದಲ್ಲೇ ಯೇಸು ದೇವಾಲಯದ ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ.

ಮೆನೆಲಾಸನನ್ನು ಅವನ ಧಣಿಗಳೇ ಮುಗಿಸಿದರು. ಇಷ್ಟೆಲ್ಲ ಕಿರುಕುಳಕ್ಕೆ ಇವನೇ ಮೂಲವೆಂದು ಹೊಸ ರಾಜನ ಆಸ್ಥಾನ ತೀರ್ಮಾನಿಸಿತು. ಈಗಿನ ಅಲೆಪ್ಪೊ ಆಗಿರುವ ಬೆರೋಯದಲ್ಲಿ ಐವತ್ತು ಮೊಳ ಎತ್ತರದ, ಬೂದಿ ತುಂಬಿದ ಗೋಪುರವಿತ್ತು. ಅದರೊಳಕ್ಕೆ ಅವನನ್ನು ತಳ್ಳಿದರು. ಯಜ್ಞವೇದಿಯ ಬೆಂಕಿ ಪವಿತ್ರ, ಬೂದಿಯೂ ಪವಿತ್ರ. ಅದಕ್ಕೆ ದ್ರೋಹ ಬಗೆದವನು ಬೂದಿಯಲ್ಲೇ ಸತ್ತ ಎಂದು ಎರಡನೆಯ ಗ್ರಂಥದ ಕರ್ತೃ ತೃಪ್ತಿಪಡುತ್ತಾನೆ.

ಗೆದ್ದವರ ಕಥೆ ಅಷ್ಟು ಸುಲಭದ್ದಲ್ಲ. ಯೂದನ ತಮ್ಮ ಯೋನಾತಾನ ಕ್ರಿ.ಪೂ. 152ರಲ್ಲಿ ಸೆಲ್ಯೂಕಿಡ್ ಪಟ್ಟಕ್ಕೆ ಹೋರಾಡುತ್ತಿದ್ದ ಒಬ್ಬನ ಕೈಯಿಂದ ಮಹಾಯಾಜಕನ ಪದವಿ ಸ್ವೀಕರಿಸಿದ. ಹಳೆಯ ಮಹಾಯಾಜಕ ವಂಶ ಅವನದಲ್ಲ. ಪದವಿ ಮತ್ತೆ ಪರರಾಜನ ಕೊಡುಗೆಯಾಯಿತು. ಇನ್ನೊಬ್ಬ ಅಣ್ಣ ಸೀಮೋನ ಕ್ರಿ.ಪೂ. 141ರಲ್ಲಿ ಅಕ್ರಾ ಕೋಟೆಯನ್ನು ಖಾಲಿ ಮಾಡಿಸಿದ. ಮರುವರ್ಷ ಜನಸಭೆ ಅವನನ್ನು ಕಾಯಂ ನಾಯಕನೆಂದೂ ಮಹಾಯಾಜಕನೆಂದೂ ಕಂಚಿನ ಹಲಗೆಯಲ್ಲಿ ಬರೆಸಿತು. ಅದಕ್ಕೆ ಹಾಕಿದ ಷರತ್ತು: ನಂಬಿಕಸ್ಥನಾದ ಪ್ರವಾದಿಯೊಬ್ಬ ಬರುವವರೆಗೆ. ಕಲ್ಲುಗಳ ವಿಷಯದಲ್ಲಿ ಅಧಿಕಾರಕ್ಕೆ ಕಡಿವಾಣವಾಗಿದ್ದ ಮಾತು ಈಗ ಅಧಿಕಾರಕ್ಕೆ ಹಕ್ಕುಪತ್ರವಾಯಿತು. ಮೊಮ್ಮಕ್ಕಳ ಕಾಲಕ್ಕೆ ಅವರು ಕಿರೀಟವನ್ನೂ ತೊಟ್ಟರು. ಯಜ್ಞವೇದಿಯ ಬಳಿ ನಿಂತ ಅರಸ ಅಲೆಗ್ಸಾಂಡರ್ ಯಾನಾಯನ ಮೇಲೆ ಜನ ಹಬ್ಬದ ಮಾದಲಹಣ್ಣುಗಳನ್ನು ತೂರಿದರು. ಅವನು ಆರು ಸಾವಿರ ಜನರನ್ನು ಕೊಲ್ಲಿಸಿದನೆಂದು ಜೋಸೀಫಸ್ ಬರೆಯುತ್ತಾನೆ. ಆ ವಂಶದ ಅಣ್ಣತಮ್ಮಂದಿರ ಜಗಳವೇ ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆಯನ್ನು ಒಳಗೆ ಕರೆಯಿತು. ಅವನು ಮಹಾಪರಿಶುದ್ಧ ಸ್ಥಳಕ್ಕೇ ಹೊಕ್ಕ. ಆದರೆ ಅಲ್ಲಿದ್ದ ಎರಡು ಸಾವಿರ ತಲಾಂತನ್ನು ಮುಟ್ಟದೆ, ಮರುದಿನ ದೇವಾಲಯವನ್ನು ಶುದ್ಧಿ ಮಾಡಿ ಪೂಜೆ ನಡೆಸಲು ಹೇಳಿದ.

ಕ್ರಿ.ಶ. 70ರಲ್ಲಿ ರೋಮಿನ ಸೇನಾಪತಿ ತೀತಸನ ಸೇನೆ ದೇವಾಲಯವನ್ನೇ ಸುಟ್ಟಿತು. ಆ ಕಲ್ಲುಗಳ ಬಗ್ಗೆ ಕೊನೆಯ ಮಾತು ಸಿಗುವುದು ಯೆಹೂದ್ಯರ ಧರ್ಮವಿಧಿಗಳ ಸಂಕಲನವಾದ ಮಿಷ್ನಾದಲ್ಲಿ. ದೇವಾಲಯದ ಅಗ್ಗಿಷ್ಟಿಕೆಯ ಮನೆಯ ಈಶಾನ್ಯದ ಕೊಠಡಿಯಲ್ಲಿ, ಗ್ರೀಕ್ ಅರಸರು ಕೆಡಿಸಿದ ವೇದಿಯ ಕಲ್ಲುಗಳನ್ನು ಮಕ್ಕಬಿಯರ ವಂಶದವರು ಕಾಪಿಟ್ಟಿದ್ದರೆಂದು ಅದು ಹೇಳುತ್ತದೆ. ಪ್ರವಾದಿ ಬರಲಿಲ್ಲ. ಕಲ್ಲುಗಳನ್ನು ಯಾರೂ ಎಸೆಯಲೂ ಇಲ್ಲ.

ಪೂಜೆಗೆ ಒದಗದಿದ್ದರೂ ಬಿಸಾಡಲು ಬಾರದು ಎಂಬ ಈ ಬಗೆಯ ಎಚ್ಚರ ದೇವಾಲಯ ಹೋದ ಮೇಲೆ ಬರಹಕ್ಕೆ ದಾಟಿತು. ದೇವರ ಹೆಸರಿರುವ ಸುರುಳಿ ಹಳತಾಗಿ ಹರಿದರೆ ಯೆಹೂದ್ಯರು ಅದನ್ನು ಸುಡುವುದಿಲ್ಲ. ಗೆನಿಜಾ ಎಂಬ ಕೋಣೆಯಲ್ಲಿ ಇಡುತ್ತಾರೆ, ಇಲ್ಲವೆ ಹೂಳುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಸಭಾಮಂದಿರದ ಗೆನಿಜಾದಲ್ಲಿ ಧರ್ಮಗ್ರಂಥಗಳ ಜೊತೆಗೆ ಹೀಬ್ರೂ ಲಿಪಿಯ ಕಾಗದಗಳೆಲ್ಲ ನೂರಾರು ವರ್ಷ ಬಂದು ಬಿದ್ದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಕೇಂಬ್ರಿಜಿಗೆ ಸಾಗಿಸಿದ ರಾಶಿಯಲ್ಲಿ ಸುಮಾರು 1,93,000 ತುಣುಕುಗಳಿವೆ. ಟ್ಯುನೀಸಿಯದ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದನೆಂದು ನಮಗೆ ತಿಳಿದದ್ದು ಗೆನಿಜಾದ ಕಾಗದಗಳಿಂದ. 1132ರಲ್ಲಿ ಮಂಗಳೂರಿನಲ್ಲೇ ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರವಿದೆ. ಬೊಮ್ಮ ಎಂದು ವಿದ್ವಾಂಸರು ಓದುವ ಅವನ ಆಳಿನ ಹೆಸರೂ ಪತ್ರಗಳಲ್ಲಿದೆ. ಅಮಿತಾವ್ ಘೋಷ್ ಇವರ ಜಾಡು ಹಿಡಿದೇ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಬರೆದರು. ತುಳುನಾಡಿನ ಒಬ್ಬ ಆಳಿನ ಹೆಸರು ಎಂಟುನೂರು ವರ್ಷ ಬಾಳಿದ್ದು ಇನ್ನೊಂದು ಧರ್ಮದವರು ಕಾಗದ ಹರಿದೆಸೆಯಲು ಹಿಂಜರಿದದ್ದರಿಂದ.

ಪವಿತ್ರ ವಸ್ತುವನ್ನು ಮುಟ್ಟಬೇಡ ಎಂಬ ಕಟ್ಟಳೆ ಪರರಾಜರನ್ನು ತಡೆಯಲು ಎಂದೂ ಸಾಕಾಗಲಿಲ್ಲ. ಬಾಬಿಲೋನಿನವರೂ ಆಂಟಿಯೋಕಸನೂ ತೀತಸನೂ ತಮಗೆ ಬೇಕಾದ್ದನ್ನು ಒಯ್ದರು. ಆ ಕಟ್ಟಳೆ ನಿಜಕ್ಕೂ ಕೆಲಸ ಮಾಡಿದ್ದು ಸ್ವಂತದವರ ಕೈಯ ಮೇಲೆ. ಕೈ ಸಡಿಲಾದಾಗ ಶತ್ರು ಬರುವ ಮುಂಚೆಯೇ ಪದವಿ ಹರಾಜಾಯಿತು, ಪಾತ್ರೆಗಳು ಮಾರಾಟವಾದವು. ಕೈ ಬಿಗಿಯಾಗಿದ್ದಾಗ ಕೆಲಸಕ್ಕೆ ಬಾರದ ಕಲ್ಲಿಗೂ ಹರಿದ ಕಾಗದಕ್ಕೂ ಒಂದು ಕೋಣೆ ಸಿಕ್ಕಿತು. ಆಂಟಿಯೋಕಸ್ ಹೊತ್ತ ಚಿನ್ನ ಎಲ್ಲಿ ಕರಗಿತೋ ಹೇಳಲಾಗದು. ಇತಿಹಾಸಕ್ಕೆ ದಕ್ಕಿದ್ದು ಯಾರೂ ಬೆಲೆ ಕಟ್ಟದೆ ಇಟ್ಟುಕೊಂಡದ್ದು.